ಹಾಸಿಗೆ ಗೋದಾಮಿನ ಗುಡುಗಣ್ಣ

ಗುಡುಗಣ್ಣ ಮಾತಾಡಿದರೆ ಮಗ್ಗುಲಲ್ಲಿ ಕೂತವರಿಗೂ ಕೇಳಿಸುತ್ತಿರಲಿಲ್ಲ. ಬಸ್ಸಿನಲ್ಲಿ ಇಳಿಯುವ ಜಾಗ ಬಂತೆಂದು ಹೇಳಿದರೆ ಕಂಡಕ್ಟರಿಗೆ ಕೇಳಿಸದೆ, ಎರಡು ನಿಲ್ದಾಣ ಮುಂದೆ ಹೋಗಿ ನಡೆದುಕೊಂಡು ವಾಪಸ್ ಬರುತ್ತಿದ್ದ. ಅದೇ ಮನುಷ್ಯ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಬಾಯಿ ತೆರೆದನೆಂದರೆ ಬೀದಿ ಕೊನೆಯ ಮನೆಯ ನಾಯಿ ಮಂಚದ ಕೆಳಗೆ ಹೋಗಿ ಸೇರಿಕೊಳ್ಳುತ್ತಿತ್ತು. ಆ ನಾಯಿಯ ಯಜಮಾನನೇ ಅವನಿಗೆ ಗುಡುಗಣ್ಣ ಎಂದು ಹೆಸರಿಟ್ಟದ್ದು. ಬೈದು ಇಟ್ಟ ಹೆಸರು. ಅವನೋ ಬಿರುದು ಸಿಕ್ಕವನಂತೆ ಅದನ್ನೇ ತನ್ನ ಮೊದಲ ಕ್ಯಾಸೆಟ್ಟಿನ ಮೇಲೆ ಅಚ್ಚು ಹಾಕಿಸಿಕೊಂಡ.

ಇಷ್ಟು ಸಣ್ಣ ಮೈಯಲ್ಲಿ ಅಷ್ಟು ದೊಡ್ಡ ಸದ್ದು ಎಲ್ಲಿ ಅಡಗಿರುತ್ತದೆ ಎಂಬುದು ಅವನ ಅಕ್ಕನಿಗೂ ಗೊತ್ತಾಗಲಿಲ್ಲ. ಅವನನ್ನು ಎತ್ತಿ ಆಡಿಸಿದವಳು ಅವಳೇ. ತೊಟ್ಟಿಲಲ್ಲಿ ಕೂಡ ಅವನು ಅಳುತ್ತಿರಲಿಲ್ಲ. ಹಸಿವಾದರೆ ಚಮಚದಿಂದ ತೊಟ್ಟಿಲ ಕಂಬಿ ಬಡಿಯುತ್ತಿದ್ದ. ಬೇರೆ ಮಕ್ಕಳು ಸಿಕ್ಕಸಿಕ್ಕ ಹಾಗೆ ಬಡಿಯುತ್ತವೆ, ಇವನದು ತಾಳಕ್ಕೆ ಸರಿಯಾಗಿ ಇರುತ್ತಿತ್ತು, ಹಾಲು ಬರುವುದು ತಡವಾದರೆ ತಾಳ ಜೋರಾಗುತ್ತಿತ್ತು ಎಂದು ಅಕ್ಕ ಹೇಳುತ್ತಿದ್ದಳು. ತಮ್ಮನ ವಿಷಯದಲ್ಲಿ ಅವಳ ಮಾತಿಗೆ ಸ್ವಲ್ಪ ಹತ್ತಿ ಹೆಚ್ಚಾಗಿಯೇ ತುಂಬಿರುತ್ತಿತ್ತು.

ಹತ್ತಿ ಅವಳ ಕಸುಬು. ಅಕ್ಕನೂ ಅವಳ ಗಂಡನೂ ಸೇರಿ ಹಾಸಿಗೆ ಅಂಗಡಿ ನಡೆಸುತ್ತಿದ್ದರು. ಗುಡುಗಣ್ಣ ಕರೆಯುವುದನ್ನು ಕೇಳಿ ಕೇಳಿ ಗಿರಾಕಿಗಳೆಲ್ಲ ಅವಳನ್ನು ಅಕ್ಕ ಎಂದೂ ಅವಳ ಗಂಡನನ್ನು ಭಾವ ಎಂದೂ ಕರೆಯತೊಡಗಿದ್ದರು. ಭಾವನಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಅಜ್ಜಂದಿರೂ ಬಂದು "ಭಾವ, ಬೆನ್ನು ನೋವು, ಒಂದು ಗಟ್ಟಿ ಹಾಸಿಗೆ ಕೊಡು" ಎನ್ನುತ್ತಿದ್ದರು. ಮುಂದೆ ಅಂಗಡಿ, ನಡುವೆ ಒಂದು ಬಾಗಿಲು, ಹಿಂದೆ ಗೋದಾಮು. ಅಕ್ಕನದು ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿ. ಭಾವನದು ಊರೆಲ್ಲ ಸುತ್ತಿ ಹಾಸಿಗೆ ತಲುಪಿಸುವ ಕೆಲಸ. ಗುಡುಗಣ್ಣನದು ಗೋದಾಮು. ಅಲ್ಲಿ ಅವನಿಗೇನು ಕೆಲಸ ಎನ್ನುವುದೇ ಈ ಕಥೆ.

ಹುಡುಗನಾಗಿದ್ದಾಗ ಅವನ ಜೊತೆ ಇನ್ನಿಬ್ಬರು ಸೇರಿಕೊಂಡಿದ್ದರು. ಡ್ರಮ್ಸ್ ಬಡಿಯುತ್ತಿದ್ದವನು ಮುಂದೆ ಹಲ್ಲಿನ ಡಾಕ್ಟರಾದ. ದಪ್ಪ ತಂತಿಯ ಬೇಸ್ ಗಿಟಾರ್ ನುಡಿಸುತ್ತಿದ್ದವನು ಲಿಫ್ಟ್ ರಿಪೇರಿಯ ಮೆಕ್ಯಾನಿಕ್ ಆದ. ಮೂವರೂ ಕೂಡಿ ಒಂದು ಕಾಲೇಜಿನಲ್ಲಿ ಮೊದಲ ಕಾರ್ಯಕ್ರಮ ಕೊಟ್ಟರು. ಎರಡನೇ ಹಾಡಿಗೆ ಕರೆಂಟು ಹೋಯಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ಹಾಡಿಗೋ ಕರೆಂಟು ಹೋಗಿದ್ದಕ್ಕೋ?" ಎಂದು ಅಕ್ಕ ಕೇಳಿದಳು.

"ಕತ್ತಲೆ ಇತ್ತಲ್ಲ ಅಕ್ಕ, ಮುಖ ಕಾಣಿಸ್ಲಿಲ್ಲ," ಎಂದ ತಮ್ಮ.

ಆಮೇಲೆ ಒಂದು ಸಂಗೀತದ ಕಂಪನಿಯವರು ಕರೆಸಿದರು. ತಂಪು ಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಹಾಡು ಕೇಳಿ, ತಲೆದೂಗಿದರು. "ಹಾಡು ತುಂಬಾ ಚೆನ್ನಾಗಿದೆ. ಗಿಟಾರ್ ತೆಗೆದುಬಿಡಿ. ಡ್ರಮ್ಸ್ ಬೇಡ. ಇಷ್ಟು ಕೂಗೋದು ಬೇಡ. ಪದಗಳನ್ನ ನಮ್ಮವರು ಬರೀತಾರೆ. ಮಿಕ್ಕಿದ್ದೆಲ್ಲ ಹಾಗೇ ಇರಲಿ," ಎಂದರು. ಮಿಕ್ಕಿದ್ದೇನು ಎಂದು ಮೂವರೂ ದಾರಿಯುದ್ದಕ್ಕೂ ಯೋಚಿಸಿದರು. ಮೆಕ್ಯಾನಿಕ್ಕನ ಪ್ರಕಾರ ಕಾಫಿ ಮಾತ್ರ ಮಿಕ್ಕಿತ್ತು. ಅವತ್ತಿನಿಂದ ಗುಡುಗಣ್ಣ ಸ್ವತಂತ್ರ ಸಂಗೀತಗಾರನಾದ.

"ಸ್ವತಂತ್ರ ಅಂದ್ರೆ ಏನೋ?" ಎಂದಳು ಅಕ್ಕ.

"ಯಾರೂ ಕೆಲಸ ಕೊಡದಿದ್ರೂ ಕೆಲಸ ಮಾಡೋನು."

"ಓ, ಹಾಗಾದ್ರೆ ನಾನೂ ಸ್ವತಂತ್ರಳೇ ಬಿಡು. ಪಾತ್ರೆ ಯಾರು ತೊಳೀತಾರೆ?"

ಸ್ವತಂತ್ರನಾದ ಮೇಲೆ ಹಾಡನ್ನು ರೆಕಾರ್ಡ್ ಮಾಡುವುದನ್ನೂ ತಾನೇ ಕಲಿತ. ಬೇರೆಯವರ ಹಾಡುಗಳನ್ನೂ ರೆಕಾರ್ಡ್ ಮಾಡಿ, ತಿದ್ದಿ ತೀಡಿ ಕೊಡಲು ಶುರು ಮಾಡಿದ. ಅದಕ್ಕೆ ಪ್ರೊಡ್ಯೂಸರ್ ಎನ್ನುತ್ತಾರಂತೆ. ಭಾವ ಇದನ್ನು ಕೇಳಿ ಹಿಗ್ಗಿ, ಹಾಸಿಗೆ ತಲುಪಿಸಿದ ಮನೆಗಳಲ್ಲೆಲ್ಲ "ನನ್ನ ಭಾಮೈದ ಪ್ರೊಡ್ಯೂಸರ್" ಎಂದು ಹೇಳಿಕೊಂಡು ಬಂದ. ವಾರದೊಳಗೆ ಅಂಗಡಿ ಮುಂದೆ ಸಿನಿಮಾದಲ್ಲಿ ಪಾರ್ಟು ಬೇಕೆಂದು ಜನ ಬರತೊಡಗಿದರು. ಒಬ್ಬಾಕೆ ಬಂದವಳು ಪ್ರದರ್ಶನಕ್ಕಿಟ್ಟ ಹಾಸಿಗೆಯ ಮೇಲೆಯೇ ಬಿದ್ದು ಸಾಯುವ ದೃಶ್ಯ ಮಾಡಿ ತೋರಿಸಿದಳು. ಅಕ್ಕ ಕಣ್ಣೊರೆಸಿಕೊಂಡು ಅವಳಿಗೆ ಎರಡು ದಿಂಬು ಮಾರಿದಳು.

ರೆಕಾರ್ಡಿಂಗಿಗೆ ಸದ್ದು ಒಳಬರದ, ಒಳಗಿನದು ಗೋಡೆಗೆ ಬಡಿದು ವಾಪಸ್ ಬಾರದ ಕೋಣೆ ಬೇಕು. ಅಂಥ ಕೋಣೆ ಕಟ್ಟಿಸಲು ದೊಡ್ಡವರು ಏನೇನೋ ಹಲಗೆ ಏನೇನೋ ಸ್ಪಂಜು ತರಿಸುತ್ತಾರೆ. ಗುಡುಗಣ್ಣನಿಗೆ ಅದೆಲ್ಲ ಸೂರಿನವರೆಗೂ ರಾಶಿ ಬಿದ್ದಿತ್ತು. ಗೋದಾಮಿನ ಗೋಡೆಗೆಲ್ಲ ಹಾಸಿಗೆ ನಿಲ್ಲಿಸಿದ. ನಾರಿನ ಹಾಸಿಗೆಗಳ ಮೂಲೆಯಲ್ಲಿ ಡ್ರಮ್ಸ್. ಹತ್ತಿಯ ಜೋಡಿ ಹಾಸಿಗೆಗಳನ್ನು ಗುಡಿಸಲಿನಂತೆ ಒಂದಕ್ಕೊಂದು ಆನಿಸಿ ಅದರೊಳಗೆ ನಿಂತು ಹಾಡುವುದು. ಸ್ಪ್ರಿಂಗ್ ಹಾಸಿಗೆಗಳನ್ನು ಮಾತ್ರ ಹೊರಗಟ್ಟಿದ್ದ. ಅವು ಯಾವುದೋ ಒಂದು ಸ್ವರ ಬಂದಾಗಲೆಲ್ಲ ತಾವೂ ದನಿಗೂಡಿಸುತ್ತಿದ್ದವು.

ಒಂದೇ ತೊಂದರೆ, ಅವು ಮಾರುವ ಹಾಸಿಗೆಗಳು. ಬೆಳಿಗ್ಗೆ ಹಾಡಿನ ಮೊದಲರ್ಧ ಮುಗಿಸಿ ಊಟಕ್ಕೆ ಹೋದರೆ, ಬರುವಷ್ಟರಲ್ಲಿ ಭಾವ ಎಡಗೋಡೆಯನ್ನು ಯಾರಿಗೋ ಮಾರಿರುತ್ತಿದ್ದ. ಎರಡನೇ ಅರ್ಧ ಬೇರೆಯೇ ಊರಿನಿಂದ ಕೇಳಿಸಿದಂತೆ ಕೇಳಿಸುತ್ತಿತ್ತು. ಗುಡುಗಣ್ಣನ ಕಿವಿ ಹೇಗೆಂದರೆ, ಒಳಗೆ ಬಂದು ಒಂದು ಚಿಟಿಕೆ ಹೊಡೆದು, "ಅಕ್ಕ, ಆ ಹೂವಿನ ಚಿತ್ರದ ಡಬಲ್ ಎಲ್ಲೋಯ್ತು?" ಎಂದು ಕೇಳುತ್ತಿದ್ದ. ಮತ್ತೆ ಮೊದಲಿನಿಂದ ಶುರು. ಹೀಗೆ ಒಂದೊಂದು ಹಾಡಿಗೆ ಒಂದೊಂದು ವರ್ಷ ಹಿಡಿಯಿತೆಂದರೆ ಸುಳ್ಳಲ್ಲ.

ಅಂಗಡಿಗೂ ಇದರಿಂದ ನಷ್ಟವೇನಿರಲಿಲ್ಲ. ಒಮ್ಮೆ ಸೊಂಟ ನೋವಿನ ಇಟ್ಟಿಗೆ ಮೇಸ್ತ್ರಿಯೊಬ್ಬ ಬಂದು ಪ್ರದರ್ಶನದ ಹಾಸಿಗೆಯ ಮೇಲೆ ಮಲಗಿ ನೋಡುತ್ತಿದ್ದ. ಗೋಡೆಯಾಚೆ ಮೆಕ್ಯಾನಿಕ್ ಬೇಸ್ ಬಾರಿಸುತ್ತಿದ್ದ. ಮೇಸ್ತ್ರಿ ಹಾಗೇ ಕಣ್ಣು ಮುಚ್ಚಿ, "ಆಹಾ, ಒಳಗಿಂದ ಯಾರೋ ಒತ್ತಿದ ಹಾಗಿದೆಯಲ್ಲ," ಎಂದು ಆ ಹಾಸಿಗೆಯನ್ನೇ ಹೊರಿಸಿಕೊಂಡು ಹೋದ. ಮಾರನೇ ದಿನ ಕೆಂಡ ಕಾರುತ್ತ ಬಂದ. "ಭಾವ, ಮನೇಲಿ ಅದು ಒತ್ತೋದೇ ಇಲ್ಲ! ಯಾವುದೋ ಬೇರೆ ಹಾಸಿಗೆ ಕಟ್ಟಿ ಕೊಟ್ಟಿದ್ದೀರಿ!" ಕಡೆಗೆ ಗುಡುಗಣ್ಣ ತನ್ನ ಹಳೆಯ ಕ್ಯಾಸೆಟ್ಟೊಂದನ್ನು ಕೊಟ್ಟು, ಟೇಪ್ ರೆಕಾರ್ಡರನ್ನು ಹಾಸಿಗೆ ಕೆಳಗಿಟ್ಟುಕೊಂಡು ಮಲಗಲು ಹೇಳಿ ಕಳಿಸಿದ. ಅದು ಸವೆದ ಮೇಲೆ ಆ ಕ್ಯಾಸೆಟ್ಟನ್ನು ದುಡ್ಡು ಕೊಟ್ಟು ಮತ್ತೊಮ್ಮೆ ಕೊಂಡವನು ಲೋಕದಲ್ಲಿ ಆ ಮೇಸ್ತ್ರಿ ಒಬ್ಬನೇ.

ರೆಕಾರ್ಡಿಂಗ್ ನಡೆಯುವಾಗ ನಡುಬಾಗಿಲ ಹಿಡಿಕೆಗೆ ಒಂದು ಕೆಂಪು ದಿಂಬಿನ ಚೀಲ ತೂಗುಬೀಳುತ್ತಿತ್ತು. ಅದು ಕಂಡರೆ ಅಂಗಡಿಯಲ್ಲಿ ಉಸಿರಿಗೂ ಅಪ್ಪಣೆ ಬೇಕು. ಫ್ಯಾನು ನಿಲ್ಲಬೇಕು, ಟ್ಯೂಬ್‌ಲೈಟು ಆರಬೇಕು, ಫೋನು ದಿಂಬಿನ ರಾಶಿಯ ಒಳಗೆ ಹೋಗಬೇಕು. ಗುಂಯ್ ಎನ್ನುವುದು ಯಾವುದೇ ಇರಲಿ, ಕಂಡಲ್ಲಿ ಆರಿಸಬೇಕು. ಇದು ಗುಡುಗಣ್ಣನ ಕಟ್ಟಪ್ಪಣೆ. ಒಂದು ಸೀನು ಬಿದ್ದರೂ ಹಾಡು ಹಾಳು. ಹಾಗೆ ಹಾಳಾದವು ಎಷ್ಟೋ. ಒಂದು ಒಳ್ಳೆಯ ಹಾಡನ್ನು ಬರೀ ಭಾವನ ಆಕಳಿಕೆಗೆ ಅವನು ಬಿಸಾಡಿದ್ದುಂಟು.

ಆದರೆ ವ್ಯಾಪಾರ ನಿಲ್ಲುತ್ತದೆಯೇ? ಅಕ್ಕ ಕೈಸನ್ನೆಯಲ್ಲೇ ಮಾರಾಟ ಕಲಿತಳು. ಬೆರಳು ಎತ್ತಿದರೆ ಬೆಲೆ. ಬೆರಳು ಅರ್ಧ ಮಡಿಸಿದರೆ ರಿಯಾಯಿತಿ. ಅಂಗೈ ಮಗುಚಿದರೆ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲವೆಂದು. ಎದೆ ಮೇಲೆ ಕೈಯಿಟ್ಟರೆ ದೇವರಾಣೆ ನನಗೆ ಅಸಲೂ ಗಿಟ್ಟುವುದಿಲ್ಲವೆಂದು. ಭಾವನೂ ಈ ಭಾಷೆಯಲ್ಲಿ ಪಳಗಿದ್ದ. ಗಂಡಹೆಂಡಿರ ಜಗಳ ಕೂಡ ಎಷ್ಟೋ ಸಲ ಹೀಗೆ ಮೂಕವಾಗಿ ನಡೆದು, ಕೆಂಪು ಚೀಲ ಇಳಿಯುವಷ್ಟರಲ್ಲಿ ರಾಜಿಯೂ ಆಗಿಬಿಡುತ್ತಿತ್ತು.

ಹೀಗೆ ಗುಡುಗಣ್ಣನ ತಲೆಗೂದಲು ಅರ್ಧ ಬೆಳ್ಳಗಾಗುವ ಹೊತ್ತಿಗೆ ಅವನ ಜೀವಮಾನದ ರೆಕಾರ್ಡು ಮುಗಿಯುತ್ತ ಬಂತು. ಅವನ ಸ್ವಂತ ಹಾಡುಗಳು, ಅವನದೇ ಪದ, ಮೂವರೂ ಕೂಡಿ ನುಡಿಸಿದ್ದು. ಒಂದೇ ಒಂದು ಬಾಕಿ. ಅದು ಬೀಗದ ಕೈಯನ್ನು ಮನೆಯೊಳಗೇ ಬಿಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಬಂದವನ ಹಾಡು. ಮೊದಲಿನಿಂದ ಕೊನೆಯವರೆಗೂ "ತೆಗೀರಿ, ಬಾಗಿಲು ತೆಗೀರಿ" ಎಂದು ಕಿರುಚುವುದೇ. ಮನೆಯಲ್ಲಿ ಒಬ್ಬನೇ ಇರುವವನು ಯಾರಿಗೆ ತೆಗೆಯಲು ಹೇಳುತ್ತಾನೆ ಎಂದು ಅಕ್ಕ ಕೇಳಿದ್ದಳು. "ಅದೇ ಅಕ್ಕ ಹಾಡು," ಎಂದಿದ್ದ ಅವನು. ಅಕ್ಕ ಅದರ ಬಗ್ಗೆ ಎರಡು ದಿನ ಯೋಚಿಸಿ, ಒಳ್ಳೆಯ ಹಾಡೇ ಎಂದು ತೀರ್ಮಾನಿಸಿದ್ದಳು.

ಆಗ ಬಂತು ನೋಡಿ ಪೆಟ್ಟಿಗೆಯ ಹಾಸಿಗೆ. ಕಾರ್ಖಾನೆಯವರು ಹಾಸಿಗೆಯ ಗಾಳಿ ಹೀರಿ, ಚಾಪೆಯಂತೆ ಸುತ್ತಿ, ಪೆಟ್ಟಿಗೆಯಲ್ಲಿ ತುರುಕಿ ಕಳಿಸಲು ಶುರು ಮಾಡಿದರು. ಬಿಚ್ಚಿದರೆ ಉಬ್ಬಿ ಹಾಸಿಗೆಯಾಗುತ್ತದೆ. ಇಡೀ ಗೋದಾಮಿನ ಸರಕು ಮೆಟ್ಟಿಲ ಕೆಳಗೆ ಹಿಡಿಸುತ್ತದೆ. ಭಾವ ಒಂದು ಪೆಟ್ಟಿಗೆ ಬಿಚ್ಚಿ, ಹಾಸಿಗೆ ಉಸ್ಸೆಂದು ಏಳುವುದನ್ನು ಕಂಡು, ಹುಟ್ಟಿದ ಮಗುವನ್ನು ನೋಡುವಂತೆ ನೋಡಿದ. ಆಮೇಲೆ ಗೋದಾಮನ್ನು ವ್ಯಾಯಾಮ ಶಾಲೆಯವರಿಗೆ ಬಾಡಿಗೆಗೆ ಕೊಡಲು ಮಾತಾಡಿ ಬಂದ. ಮುಂದಿನ ತಿಂಗಳ ಒಂದನೇ ತಾರೀಕಿಗೆ ಅವರ ವಶಕ್ಕೆ ಕೊಡಬೇಕು. ಹಳೆಯ ಹಾಸಿಗೆಗಳೆಲ್ಲ ಅರ್ಧ ಬೆಲೆಗೆ ಎಂದು ಅಂಗಡಿ ಮುಂದೆ ಬಟ್ಟೆಯ ಫಲಕ ಕಟ್ಟಿದ.

ಗುಡುಗಣ್ಣ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅಕ್ಕನಿಗೆ ಸಮಾಧಾನವಿರುತ್ತಿತ್ತು. ಊಟದ ತಟ್ಟೆಯ ಮುಂದೆ ಕೂತು, "ಭಾವ ಹೇಳೋದೂ ಸರಿ. ಆ ಹಾಡು ಇಲ್ಲೇ ಆಗ್ಬೇಕು, ಬೇರೆ ಕಡೆ ಮಾಡಿದ್ರೆ ಮಿಕ್ಕ ಹಾಡುಗಳ ಜೊತೆ ಕೂಡಲ್ಲ. ಡಾಕ್ಟರ ಮನೆ ಬಚ್ಚಲಲ್ಲಿ ಮಾಡಿ ನೋಡಿದ್ದೆ, ಬಾವಿಗೆ ಬಿದ್ದೋನ ಹಾಗೆ ಕೇಳ್ಸುತ್ತೆ. ತಿಂಗಳ ಕೊನೆಗೆ ಆದ್ರೆ ಆಯ್ತು. ಆಗದಿದ್ರೆ ರೆಕಾರ್ಡನ್ನ ಕಟ್ಟಿ ಅಟ್ಟಕ್ಕೆ ಹಾಕಿ, ನಾನೂ ಪೆಟ್ಟಿಗೆ ಮಾರೋಕೆ ನಿಲ್ತೀನಿ," ಎಂದ.

ಅಕ್ಕನಿಗೆ ಗೊತ್ತಿತ್ತು, ಅವನು ಹೇಳಿದ್ದನ್ನು ಮಾಡುವವನು. ಅಲ್ಲದೆ ಅವನು ಮಾರುವುದನ್ನೂ ಅವಳು ನೋಡಿದ್ದಳು. ಒಂದು ಸಲ ಅವನನ್ನು ಅಂಗಡಿಯಲ್ಲಿ ಬಿಟ್ಟು ಹೋಗಿ ಬಂದರೆ, ಹೊಸದಾಗಿ ಮದುವೆಯಾದ ಜೋಡಿಗೆ ಹಾಸಿಗೆ ತಟ್ಟಿ ತಟ್ಟಿ, "ಇದಕ್ಕೆ ಒಳ್ಳೆ ದನಿ ಇಲ್ಲ, ಅದಕ್ಕಿದೆ," ಎಂದು ವಿವರಿಸುತ್ತಿದ್ದ. ಹುಡುಗಿ ನಾಚಿ ಹೊರಗೆ ಓಡಿಹೋಗಿದ್ದಳು.

ಹಲ್ಲಿನ ಡಾಕ್ಟರಿಗೂ ಮೆಕ್ಯಾನಿಕ್ಕಿಗೂ ಒಟ್ಟಿಗೆ ಬಿಡುವು ಸಿಗುವುದು ತಿಂಗಳ ಕೊನೆಯ ಭಾನುವಾರ ಮಾತ್ರ. ಅಲ್ಲಿಯವರೆಗೆ ಗೋದಾಮಿನಲ್ಲಿ ಹಾಸಿಗೆ ಉಳಿಯಬೇಕು. ಉಳಿಸುವುದು ಯಾರು? ಗಲ್ಲಾಪೆಟ್ಟಿಗೆಯ ಹಿಂದೆ ಕೂತವಳು. ಅಕ್ಕ ಗಂಡನಿಗೆ ಹೇಳದೆ, ಬಂದ ಗಿರಾಕಿಗಳನ್ನು ಓಡಿಸುವ ಕೆಲಸಕ್ಕೆ ಇಳಿದಳು.

"ಇದು ಬೇಡ ಕಣಮ್ಮ," ಎಂದಳು ಮೊದಲು ಬಂದ ಹೆಂಗಸಿಗೆ. "ಹಳೇ ಮಾಲು. ವರ್ಷಾನುಗಟ್ಟಲೆ ಗೋಡೆಗೆ ಒರಗಿ ನಿಂತಿದೆ."

"ಅಯ್ಯೋ, ಇಷ್ಟು ನಿಜ ಹೇಳೋರನ್ನ ನಾನು ನೋಡೇ ಇಲ್ಲ. ಎರಡು ಕೊಡಿ."

"ಎರಡ್ಯಾಕೆ? ಒಂದೇ ಬೇಡ ಅಂತಿದ್ದೀನಿ. ಕುಸಿದು ನಡುವೆ ಗುಂಡಿ ಬೀಳುತ್ತೆ."

"ನಮ್ಮ ಯಜಮಾನರಿಗೆ ಗುಂಡೀನೇ ಇಷ್ಟ. ಹೊರಳಾಡಿ ನನ್ನ ಮೇಲೆ ಬರಲ್ಲ. ಮೂರು ಕೊಡಿ, ನಮ್ಮ ನಾದಿನಿಗೂ ಒಂದು."

ಅಂಗಡಿಯವಳೇ ಬೇಡವೆನ್ನುವ ಹಾಸಿಗೆಯಲ್ಲಿ ಏನೋ ಗುಟ್ಟಿದೆ, ತನಗೇ ಉಳಿಸಿಕೊಳ್ಳುತ್ತಿದ್ದಾಳೆ ಎಂದು ಸುದ್ದಿಯಾಯಿತು. ಜನ ಮುಗಿಬಿದ್ದರು. ಅಕ್ಕ ತಿಗಣೆ ಎಂದಳು; ತಿಗಣೆಗೆ ಔಷಧಿ ನಮ್ಮಲ್ಲಿದೆ ಎಂದರು. ಬೆನ್ನು ಬಾಗುತ್ತದೆ ಎಂದಳು. ಬಾಗಿಯೇ ಇದೆ ಎಂದರು. ಕಡೆಗೆ ರೋಸಿಹೋಗಿ, "ಇದರ ಮೇಲೆ ಮಲಗಿದೋರು ಏಳೋದೇ ಇಲ್ಲ!" ಎಂದು ಕೂಗಿದಳು. "ಅಂಥಾ ನಿದ್ದೆ ಬರುತ್ತಾ?" ಎಂದು ಅದನ್ನೂ ಹೊತ್ತುಕೊಂಡು ಹೋದರು. ಭಾವ ಸಂಜೆ ಬಂದು ಖಾಲಿಯಾಗುತ್ತಿದ್ದ ಗೋದಾಮನ್ನು ನೋಡಿ, "ನಿನ್ನ ನಾಲಿಗೆ ಬಂಗಾರ ಕಣೇ," ಎಂದ. ಅಕ್ಕನಿಗೆ ಆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಅದು ಸಾಲದೆಂದು ಒಂದು ವಿದ್ಯಾರ್ಥಿನಿಲಯದವರು ಬಂದು, ಉಳಿದದ್ದೆಲ್ಲ ತಮಗೇ ಎಂದು ಮಾತು ಮುಗಿಸಿದರು. ಅವರ ಲಾರಿ ಬರುವುದು ಅದೇ ಭಾನುವಾರ ಮಧ್ಯಾಹ್ನ. ಅಂದರೆ ಗುಡುಗಣ್ಣನಿಗೆ ಸಿಕ್ಕಿದ್ದು ಒಂದು ಬೆಳಗು. ಅದೇ ಸಾಕೆಂದ ಅವನು. ಉಳಿದ ಹಾಸಿಗೆಗಳನ್ನೆಲ್ಲ ಒತ್ತೊತ್ತಾಗಿ ನಿಲ್ಲಿಸಿ, ಗೋದಾಮಿನ ಒಂದು ಮೂಲೆಯಲ್ಲಿ ಮೂವರು ಹಿಡಿಸುವಷ್ಟು ಗೂಡು ಮಾಡಿದ.

ಭಾನುವಾರ ಬೆಳಿಗ್ಗೆ ಡಾಕ್ಟರು ಡ್ರಮ್ಮಿನ ಕೋಲುಗಳನ್ನು ಬಿಳಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಬಂದ. ಮೆಕ್ಯಾನಿಕ್ ಯಾವುದೋ ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಬಿಡಿಸಿ, ಕೈಗೆ ಗ್ರೀಸು ಮೆತ್ತಿಕೊಂಡೇ ಬಂದ. "ಪಕ್ಕದ ಲಿಫ್ಟಲ್ಲಿ ಒಬ್ಬರು ಮೂರನೇ ಮಹಡಿ ಹತ್ರ ಇನ್ನೂ ಇದ್ದಾರೆ. ಕೂತ್ಕೊಂಡಿರಿ ಅಂತ ಪೇಪರ್ ಕೊಟ್ಟು ಬಂದಿದ್ದೀನಿ. ಬೇಗ ಮುಗಿಸೋಣ," ಎಂದ.

ರೆಕಾರ್ಡ್ ಮಾಡುವ ಕಂಪ್ಯೂಟರ್ ಪೆಟ್ಟಿಗೆ ಇದ್ದದ್ದು ಅಂಗಡಿಯ ಕಡೆ, ಗಲ್ಲಾಪೆಟ್ಟಿಗೆಯ ಕೆಳಗೆ. ಅದರ ಹೊಟ್ಟೆಯೊಳಗಿನ ಪುಟ್ಟ ಫ್ಯಾನು ಗುಂಯ್ ಎನ್ನುವುದರಿಂದ ಅದನ್ನು ಮೈಕಿನ ಹತ್ತಿರ ಇಡುವಂತಿರಲಿಲ್ಲ. ತಂತಿಗಳು ಬಾಗಿಲ ಸಂದಿಯಿಂದ ಒಳಗೆ ಹೋಗುತ್ತಿದ್ದವು. ಗುಡುಗಣ್ಣ ಹೊರಗೆ ಬಂದು ಗುಂಡಿ ಒತ್ತಿ, ಕೆಂಪು ಚೀಲ ತೂಗುಹಾಕಿ, ಅಕ್ಕನನ್ನು ಒಮ್ಮೆ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮೂವರೂ ಎದುರುಬದುರು ನಿಂತು, ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳದೆ, ಒಂದೇ ಉಸಿರಿಗೆ ನುಡಿಸುವ ಹಾಡು ಅದು.

ಹಾಡು ಶುರುವಾಯಿತು. ಅಕ್ಕ ಆ ಹಾಡನ್ನು ಗೋಡೆಯಾಚೆಯಿಂದ ಎಷ್ಟು ಸಲ ಕೇಳಿದ್ದಳೋ. ಆದರೆ ಹೀಗೆ ಕೇಳಿರಲಿಲ್ಲ. ಅವನ ಗಂಟಲಲ್ಲಿ ನಿಜವಾಗಿಯೂ ಹೊರಗೆ ಉಳಿದುಬಿಟ್ಟ ಮನುಷ್ಯನೊಬ್ಬ ಕೂತಿದ್ದ.

ಅಷ್ಟರಲ್ಲಿ ಭಾವ ಬಂದ. ಲಾರಿ ಬರುವ ದಿನವೆಂದು ಎಲ್ಲೂ ಹೋಗದೆ ಮನೆಯಲ್ಲೇ ಇದ್ದವನು, ಕೆಂಪು ಚೀಲ ಕಂಡು ಚಪ್ಪಲಿ ಬಿಟ್ಟು, ಬೆಕ್ಕಿನಂತೆ ಹೆಜ್ಜೆಯಿಟ್ಟ. ಭಾಮೈದನ ಕಡೆಯ ಹಾಡು. ಆಕಳಿಸಿ ಹಾಳು ಮಾಡಿದ ಹಳೆಯ ಲೆಕ್ಕ ಅವನ ಮನಸ್ಸಿನಲ್ಲಿತ್ತು. ಫ್ಯಾನು ಆರಿಸಿದ. ಟ್ಯೂಬ್‌ಲೈಟು ಆರಿಸಿದ. ಗೋಡೆ ಗಡಿಯಾರವನ್ನು ಇಳಿಸಿ ದಿಂಬಿನಡಿ ಮಲಗಿಸಿದ. ಆಮೇಲೆ ಕಿವಿ ನೆಟ್ಟಗೆ ಮಾಡಿ ನಿಂತ. ಇನ್ನೂ ಎಲ್ಲೋ ಗುಂಯ್ ಎನ್ನುತ್ತಿದೆ! ಹುಡುಕಿದ. ಬಗ್ಗಿದ. ಗಲ್ಲಾಪೆಟ್ಟಿಗೆಯ ಕೆಳಗೆ ಕೈ ಹಾಕಿ, ಟಕ್ ಎಂದು ಸ್ವಿಚ್ ಆರಿಸಿದ. ಗುಂಯ್ ನಿಂತಿತು. ಎದ್ದು ನಿಂತು, ಹೆಂಡತಿಯ ಕಡೆ ನೋಡಿ, ಹೇಗೆ ಎನ್ನುವಂತೆ ಹುಬ್ಬು ಹಾರಿಸಿದ.

ಅಕ್ಕನ ಜೀವ ಬಾಯಿಗೆ ಬಂತು. ಆದರೆ ಬಾಯಿಗೆ ಬೀಗ. ಇಷ್ಟು ವರ್ಷದ ಅಭ್ಯಾಸ, ಕೆಂಪು ಚೀಲ ಕಣ್ಣೆದುರು ತೂಗುತ್ತಿರುವಾಗ ಅವಳ ನಾಲಿಗೆ ಏಳಲೇ ಇಲ್ಲ. ಎರಡು ಕೈಯೆತ್ತಿ, ಬೆರಳು ಬಿಡಿಸಿ, ಕೆಳಗೆ ತೋರಿಸಿ, ಮೇಲೆತ್ತಿ, ಹಾಕು ಹಾಕು ಎಂದು ಸನ್ನೆ ಮಾಡಿದಳು. ಭಾವ ಅದನ್ನು ಓದಿಕೊಂಡ. ಯಾವುದೋ ಹಾಸಿಗೆಗೆ ಅವಳು ಬೆಲೆ ಏರಿಸುತ್ತಿದ್ದಾಳೆ. ಅರ್ಧ ಬೆರಳು ಮಡಿಸಿ, ರಿಯಾಯಿತಿ ಕೊಡೋಣ ಎಂದ. ಅವಳು ತಲೆ ತಲೆ ಚಚ್ಚಿಕೊಂಡಳು. ಅವನು ಎದೆ ಮೇಲೆ ಕೈಯಿಟ್ಟು, ದೇವರಾಣೆ ಅಸಲೂ ಗಿಟ್ಟುವುದಿಲ್ಲ ಎಂದ. ಅಕ್ಕ ತಾನೇ ಬಗ್ಗಿ ಸ್ವಿಚ್ ಹಾಕಿದಳು. ಪೆಟ್ಟಿಗೆ ಮೈಮುರಿದು, ನಿಧಾನವಾಗಿ ಎದ್ದು, ಪರದೆಯ ಮೇಲೆ ಏನೇನೋ ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಕಾಯುತ್ತ ಕೂತಿತು. ಒಳಗೆ ಹಾಡು ಮುಗಿಯಿತು.

ಮೂವರೂ ಕುಣಿಯುತ್ತ ಹೊರಗೆ ಬಂದರು. "ಅಕ್ಕ! ಆಯ್ತು! ಇದೇ ಅಕ್ಕ, ಇದೇ!" ಎಂದ ಗುಡುಗಣ್ಣ. ಆ ಖುಷಿಯಲ್ಲಿ ಅವನ ಮಾತು ಕೂಡ ಬೀದಿಗೆ ಕೇಳಿಸಿತು. ಅಕ್ಕನ ಮುಖ ನೋಡಿದ. ಪರದೆ ನೋಡಿದ. ಬಗ್ಗಿ ಪೆಟ್ಟಿಗೆ ಮುಟ್ಟಿ ನೋಡಿದ.

"ಗುಂಯ್ ಅಂತಿತ್ತು," ಎಂದ ಭಾವ. "ನೀನೇ ಹೇಳಿದ್ಯಲ್ಲಪ್ಪ, ಗುಂಯ್ ಅನ್ನೋದು ಯಾವುದೇ ಇರ್ಲಿ ಅಂತ..."

"ಕೂಗಬಾರದಿತ್ತಾ ಅಕ್ಕ?" ಎಂದ ಡಾಕ್ಟರು.

"ಕೂಗಿದ್ರೆ ಹಾಡು ಹಾಳಾಗುತ್ತಲ್ಲೋ!" ಎಂದಳು ಅಕ್ಕ. ಹಾಳಾಗಲು ಅಲ್ಲಿ ಹಾಡೇ ಇರಲಿಲ್ಲವೆನ್ನುವುದು ಅವಳಿಗೆ ಹೊಳೆದದ್ದು ಹಾಗೆಂದ ಮೇಲೆಯೇ.

ಇನ್ನೊಮ್ಮೆ ನುಡಿಸೋಣವೆಂದರೆ ಹೊರಗೆ ಲಾರಿಯ ಹಾರ್ನು. ಹೇಳಿದ ಹೊತ್ತಿಗಿಂತ ಮೊದಲೇ ಬಂದಿತ್ತು. ಪೆಟ್ಟಿಗೆಯಂತೆ ನಾಲ್ಕು ಕಡೆಯೂ ಮುಚ್ಚಿದ ಲಾರಿ. ಹಮಾಲರು ಒಳಗೆ ನುಗ್ಗಿ ಗೋಡೆಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋದರು. ಗುಡುಗಣ್ಣ ಬರಿಗೋದಾಮಿನ ನಡುವೆ ನಿಂತು ಒಂದು ಚಿಟಿಕೆ ಹೊಡೆದ. ಅದು ನಾಲ್ಕು ಗೋಡೆಗೂ ಬಡಿದು ವಾಪಸ್ ಬಂತು. "ಅಟ್ಟದಲ್ಲಿ ಜಾಗ ಇದೆಯಾ ಅಕ್ಕ?" ಎಂದು ಮೆಲ್ಲಗೆ ಕೇಳಿದ.

ಅಕ್ಕ ಉತ್ತರ ಕೊಡದೆ ಬೀದಿಗೆ ಹೋದಳು. ಲಾರಿಯೊಳಗೆ ಇಣುಕಿದಳು. ಎಡಕ್ಕೆ ಹಾಸಿಗೆ, ಬಲಕ್ಕೆ ಹಾಸಿಗೆ, ಸೂರಿನವರೆಗೂ ಹಾಸಿಗೆ. ತಿರುಗಿ ನಿಂತು ಕೂಗಿದಳು.

"ಲೋ! ನಿನ್ನ ಕೋಣೆ ಎಲ್ಲೂ ಹೋಗಿಲ್ಲ ಕಣೋ. ಇಲ್ಲೇ ನಿಂತಿದೆ. ನಾಲ್ಕು ಚಕ್ರ ಬಂದಿದೆ ಅಷ್ಟೇ. ಹತ್ತು ಒಳಗೆ!"

ಲಾರಿ ಡ್ರೈವರು ಹಲ್ಲು ನೋವಿನಿಂದ ಕೆನ್ನೆಗೆ ಕರವಸ್ತ್ರ ಕಟ್ಟಿಕೊಂಡಿದ್ದ. ಡಾಕ್ಟರು ಬೀದಿಯಲ್ಲೇ ಅವನ ಬಾಯಿ ಬಿಡಿಸಿ ನೋಡಿ, ನಾಳೆ ಬಂದರೆ ಪುಕ್ಕಟೆ ಕಿತ್ತುಕೊಡುತ್ತೇನೆ, ಒಂದು ಹಾಡಿನಷ್ಟು ಹೊತ್ತು ಗಾಡಿ ನಿಲ್ಲಿಸು ಎಂದ. ಡ್ರೈವರು ಮಾತಾಡಲಾಗದೆ ತಲೆಯಾಡಿಸಿದ. ನಾಲ್ಕು ಹಾಸಿಗೆ ಇಳಿಸಿ ನಡುವೆ ಗೂಡು ಮಾಡಿದರು. ಡ್ರಮ್ಮುಗಳಲ್ಲಿ ಅರ್ಧ ಮಾತ್ರ ಹಿಡಿಸಿದವು. ಅಂಗಡಿಯಿಂದ ತಂತಿ ಎಳೆದರು. ಬೀದಿಯ ಸದ್ದು ಬರದಿರಲೆಂದು ಹಿಂದಿನ ಬಾಗಿಲು ಮುಚ್ಚಿ ಹೊರಗಿನಿಂದ ಚಿಲಕ ಹಾಕಿದರು. ಕಂಪ್ಯೂಟರ್ ಪೆಟ್ಟಿಗೆಯನ್ನು ಅಕ್ಕ ಡ್ರೈವರನ ಕುರ್ಚಿಯಲ್ಲಿ ಕೂತು ತೊಡೆಯ ಮೇಲಿಟ್ಟುಕೊಂಡು, ಸ್ವಿಚ್ಚನ್ನು ಎರಡು ಕೈಯಿಂದಲೂ ಮುಚ್ಚಿ ಹಿಡಿದಳು. ಭಾವನನ್ನು ಬೀದಿಯ ಆಚೆ ದಡದಲ್ಲಿ, ಯಾವ ಸ್ವಿಚ್ಚೂ ಕೈಗೆ ಎಟುಕದ ಕಡೆ ನಿಲ್ಲಿಸಿದರು.

ಒಳಗಿನಿಂದ ಹಾಡು ಶುರುವಾಯಿತು. ಹೊರಗೆ ನಿಂತವರಿಗೆ ಗಿಟಾರೂ ಕೇಳಿಸದು, ಬೇಸೂ ಕೇಳಿಸದು. ಹಾಸಿಗೆಗಳು ಅದನ್ನೆಲ್ಲ ನುಂಗಿದ್ದವು. ತೂರಿಕೊಂಡು ಬರುತ್ತಿದ್ದದ್ದು ಒಂದೇ: "ತೆಗೀರಿ! ಬಾಗಿಲು ತೆಗೀರಿ! ಯಾರಾದ್ರೂ ತೆಗೀರಿ!"

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಪೊಲೀಸನೊಬ್ಬ ಲೋಟ ಇಟ್ಟು ಓಡಿ ಬಂದ.

"ಯಾರಮ್ಮ ಒಳಗೆ? ಯಾರನ್ನ ಕೂಡಿ ಹಾಕಿದ್ದೀರಿ?"

ಅಕ್ಕ ತುಟಿಯ ಮೇಲೆ ಬೆರಳಿಟ್ಟಳು. ಪೊಲೀಸನ ಕಣ್ಣು ಕೆಂಪಾಯಿತು. ಎರಡೇ ನಿಮಿಷ ಎಂದು ಎರಡು ಬೆರಳು ತೋರಿಸಿದಳು.

"ಏನು, ನನಗೇ ಲಂಚ ತೋರಿಸ್ತೀಯಾ?"

ಅವಳು ಅಂಗೈ ಮಗುಚಿದಳು, ಎದೆ ಮೇಲೆ ಕೈಯಿಟ್ಟಳು, ಅಭ್ಯಾಸಬಲದಿಂದ ಬೆರಳನ್ನು ಅರ್ಧ ಮಡಿಸಿಯೂ ಬಿಟ್ಟಳು.

"ಅದರಲ್ಲೂ ಕಡಿಮೆ ಮಾಡ್ತೀಯಾ!" ಎಂದು ಪೊಲೀಸ ಲಾರಿಯ ಹಿಂದಕ್ಕೆ ಓಡಿದ. ಆಚೆ ದಡದಿಂದ ಭಾವ ಓಡಿ ಬಂದು ಅವನ ಮುಂದೆ ನಿಂತು, ಬಾಯಿ ಬಿಡದೆ, ಕೈಕಾಲೆಲ್ಲ ಆಡಿಸಿ ಸನ್ನೆ ಮಾಡಿದ. ಕರವಸ್ತ್ರ ಕಟ್ಟಿಕೊಂಡ ಡ್ರೈವರೂ ಊಂ ಊಂ ಎಂದ. ಇಡೀ ತಂಡವೇ ಮೂಕರದೆಂದು ಪೊಲೀಸನಿಗೆ ಇನ್ನಷ್ಟು ಗಾಬರಿಯಾಯಿತು. ಲಾಠಿಯಿಂದ ಲಾರಿಯ ಮೈಗೆ ಧಬ್ ಧಬ್ ಎಂದು ಬಡಿದ. "ಹೆದರಬೇಡಪ್ಪಾ! ಬಂದೆ!"

ಒಳಗಿದ್ದ ಡಾಕ್ಟರು ಆ ಧಬ್ ಧಬ್ ಕೇಳಿ ಒಂದು ಕ್ಷಣ ತಡವರಿಸಿ, ಹಾಗೇ ಅದರ ಜೊತೆಗೇ ಹೆಜ್ಜೆ ಹಾಕಿದ. ಗುಡುಗಣ್ಣ ಇನ್ನೂ ಜೋರಾಗಿ ಕೂಗಿದ. ಪೊಲೀಸ ಇನ್ನೂ ಜೋರಾಗಿ ಬಡಿದ. ಕಡೆಯ ಸಲ "ತೆಗೀರಪ್ಪಾ" ಎಂದು ಗಂಟಲು ಹರಿಯುವಂತೆ ಗುಡುಗಣ್ಣ ಕಿರುಚಿ ನಿಲ್ಲಿಸುವುದಕ್ಕೂ, ಚಿಲಕ ಖಡಕ್ ಎಂದು ಬಿಚ್ಚಿಕೊಂಡು ಬಾಗಿಲು ಕಿರ್ರೆಂದು ತೆರೆಯುವುದಕ್ಕೂ ಸರಿಹೋಯಿತು.

ಒಳಗೆ ಮೂವರು, ಬೆವರಿನಲ್ಲಿ ತೊಯ್ದು, ತಲೆತುಂಬ ಹತ್ತಿ ಮೆತ್ತಿಕೊಂಡು, ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು.

"ನಿಮ್ಮನ್ನ ಎಷ್ಟು ದಿನದಿಂದ ಇಟ್ಟಿದ್ದಾರೆ?" ಎಂದ ಪೊಲೀಸ.

"ಬಹಳ ವರ್ಷ ಆಯ್ತು," ಎಂದ ಮೆಕ್ಯಾನಿಕ್.

ವಿಷಯ ತಿಳಿಹೇಳಲು ಇನ್ನೊಂದು ಲೋಟ ಚಹಾ ಬೇಕಾಯಿತು. ಆಮೇಲೆ ಗುಡುಗಣ್ಣ ಲಾರಿಯ ಮೆಟ್ಟಿಲ ಮೇಲೆ ಕೂತು, ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು, ಹೆಡ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದ. ಸುತ್ತ ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಅಕ್ಕ ಮಾತ್ರ ನೆಲ ನೋಡುತ್ತಿದ್ದಳು. ಒಂದು ಆಕಳಿಕೆಗೆ ಹಾಡು ಬಿಸಾಡಿದವನು, ಲಾಠಿಗೆ ಬಿಡುತ್ತಾನೆಯೇ? ಬಿಸಾಡಿದರೆ ಇಲ್ಲಿಗೆ ಮುಗಿಯಿತು. ಲಾರಿ ಹೊರಡುತ್ತದೆ, ರೆಕಾರ್ಡು ಅಟ್ಟಕ್ಕೆ ಹೋಗುತ್ತದೆ.

ಅವನು ಕಿವಿಯಿಂದ ಹೆಡ್‌ಫೋನು ತೆಗೆದ. "ಪೊಲೀಸ್ನೋರು ಒಂದು ಕಡೆ ಸ್ವಲ್ಪ ಬೇಗ ಬಡಿದಿದ್ದಾರೆ," ಎಂದ.

"ಇನ್ನೊಂದ್ಸಲ ಬೇಕಾದ್ರೆ ಬಡೀತೀನಿ ಸಾರ್," ಎಂದ ಪೊಲೀಸ, ಲಾಠಿ ಎತ್ತಿ.

"ಇನ್ನೊಂದ್ಸಲ ಅಂದ್ಯೋ," ಎಂದಳು ಅಕ್ಕ ತಮ್ಮನಿಗೆ, "ಈ ಪೆಟ್ಟಿಗೇನ ನಾನೇ ಆರಿಸಿ, ನಿನ್ನನ್ನ ಒಳಗೆ ಹಾಕಿ ಚಿಲಕ ಜಡಿದು, ಆ ಮಕ್ಕಳ ಜೊತೆ ಹಾಸ್ಟೆಲಿಗೆ ಕಳಿಸ್ತೀನಿ."

ಗುಡುಗಣ್ಣ ಅಕ್ಕನನ್ನೇ ನೋಡಿದ. ಆಮೇಲೆ ನಗಲು ಶುರು ಮಾಡಿದ. ಅವನ ನಗು ಸದ್ದಿಲ್ಲದ್ದು. ಭುಜ ಕುಣಿಯುವುದರಿಂದ ಮಾತ್ರ ಗೊತ್ತಾಗುವುದು. "ಬೇಡ ಅಕ್ಕ. ಇಷ್ಟು ವರ್ಷ ಆ ಬಾಗಿಲು ಯಾರೂ ತೆಗೆದಿರ್ಲಿಲ್ಲ. ಈಗ ತೆಗೆದಿದ್ದಾರೆ. ಇರ್ಲಿ ಬಿಡು," ಎಂದ. ಲಾರಿ ಹೊರಟುಹೋಯಿತು. ಲಿಫ್ಟಿನಲ್ಲಿದ್ದವರ ನೆನಪಾಗಿ ಮೆಕ್ಯಾನಿಕ್ ಅದರ ಹಿಂದೆಯೇ ಓಡಿದ.

ರೆಕಾರ್ಡು ಹೊರಗೆ ಬಂತು. ಕಂಪನಿಯಿಲ್ಲ, ಜಾಹೀರಾತಿಲ್ಲ, ಕೈಯಿಂದ ಕೈಗೆ ಹೋಯಿತು. ಬಹಳ ಜನ ಕೇಳಿದರೆನ್ನಲು ಆಗದು. ಕೇಳಿದವರು ಮಾತ್ರ ಕಡೆಯ ಹಾಡನ್ನು ಬಿಡದೆ ಕೇಳಿದರು. ಅದರ ಹೊದಿಕೆಯ ಮೇಲೆ ಹಾಡಿದವ, ಬಡಿದವ, ನುಡಿಸಿದವ ಎಂದು ಬರೆದ ಕೆಳಗೆ, "ಸ್ವಿಚ್ ಆರಿಸಿದವರು: ಭಾವ" ಎಂದೂ ಇತ್ತು. ಭಾವ ಅದನ್ನು ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿ, ಪೆಟ್ಟಿಗೆಯ ಹಾಸಿಗೆ ಕೊಳ್ಳಲು ಬಂದವರಿಗೆಲ್ಲ, "ನಾನು ಆರಿಸ್ದೆ ಇದ್ದಿದ್ರೆ ಈ ಹಾಡೇ ಇಲ್ಲ," ಎಂದು ಹೇಳತೊಡಗಿದ. ಅದರಲ್ಲಿ ಸುಳ್ಳೇನೂ ಇಲ್ಲವಾದ್ದರಿಂದ ಅಕ್ಕ ಸುಮ್ಮನಿದ್ದಳು.

ಈಗ ಗುಡುಗಣ್ಣ ಹೊಸ ಹುಡುಗರ ಹಾಡುಗಳನ್ನು ರೆಕಾರ್ಡ್ ಮಾಡುತ್ತಾನೆ, ಸಿಕ್ಕ ಸಿಕ್ಕ ಕಡೆ, ಮೆಟ್ಟಿಲ ಕೆಳಗೆ ಪೆಟ್ಟಿಗೆಗಳ ನಡುವೆ ಕೂಡ. ಅವರೆಲ್ಲ ದೂರದೂರದಿಂದ ಬಂದು, ಮೊದಲು ಕೇಳುವುದು ಒಂದೇ ಮಾತು.

"ಅಂಕಲ್, ಆ ಕಡೇ ಹಾಡಲ್ಲಿ ಧಬ್ ಧಬ್ ಅಂತ ಬರುತ್ತಲ್ಲ, ಆ ಸೌಂಡ್ ಹೇಗೆ ಮಾಡಿದ್ರಿ? ಯಾವ ಮೆಷಿನ್?"

"ಪೊಲೀಸ್," ಎನ್ನುತ್ತಾನೆ ಅವನು.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿ, ಆ ಹೆಸರಿನ ಮೆಷಿನ್ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಹುಡುಕಿಕೊಂಡು ಹೋಗುತ್ತಾರೆ. ಅವರಲ್ಲೊಬ್ಬ ಹಟಮಾರಿ, ಗುಜರಿಯಿಂದ ನಿಜವಾದ ಲಾರಿ ಬಾಗಿಲೊಂದನ್ನು ತಂದು, ತಿಂಗಳುಗಟ್ಟಲೆ ಬಡಿದು, ಸೋತು ಬಂದ. ಅಂಥದೇ ಬಾಗಿಲು, ಅಂಥದೇ ಕೋಲು, ಆದರೂ ಆ ಸದ್ದು ಬರುತ್ತಿಲ್ಲವೆಂದು ಗೋಳಾಡಿದ. ಗುಡುಗಣ್ಣ ಅವನ ಹೆಗಲ ಮೇಲೆ ಕೈಯಿಟ್ಟ.

"ಬಾಗಿಲು ಸರಿಯಾಗೇ ಇದೆ ಮರಿ. ಹೊರಗಡೆ ಇರೋನು ನಿಜವಾಗ್ಲೂ ನಿನ್ನನ್ನ ಬಿಡಿಸೋಕೆ ಬಂದಿರ್ಬೇಕು."